ಪಟಾನ್‌ಚೆರುವಿನಿಂದ ಜಹೀರಾಬಾದ್‌ವರೆಗೆ: ಚಿಕ್ಕ ಟ್ರ್ಯಾಕ್ಟರಿನ ಸುರಕ್ಷತೆ ಎಲ್ಲಿಂದ ಬಂತು?

ಇದು ಈ ಸಲದ ಮಾತಿನ ಬರಹರೂಪ. ವಿಡಿಯೋದಲ್ಲಿ ಓಡಿಸಿಕೊಂಡು ಹೋದ ಕೆಲವು ಭಾಗಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ವಿಷಯ: ಚಿಕ್ಕ ಟ್ರ್ಯಾಕ್ಟರ್, ಅದರ ಜೊತೆಗೆ ಪವರ್ ಟಿಲ್ಲರ್, ಹುಲ್ಲು ಕತ್ತರಿಸುವ ಯಂತ್ರ, ಬ್ರಷ್ ಕಟರ್. ಹೈದರಾಬಾದಿನಲ್ಲಿ ಕೂತು ಕೋಡ್ ಬರೆಯೋರಿಗೆ ಇದರ ಗೊಡವೆ ಯಾಕೆ ಅಂತ ಕೇಳಬಹುದು. ಕಾರಣ ಇದೆ. ಈ ಯಂತ್ರಗಳನ್ನು ಕೊಳ್ಳುವವರಲ್ಲಿ ನಮ್ಮಂಥವರೂ ಇದ್ದಾರೆ. ಊರಲ್ಲಿ ಎತ್ತು ಮಾರಿದ್ದಾಯ್ತು, ಆಳು ಸಿಗಲ್ಲ, ಅಪ್ಪನಿಗೆ ವಯಸ್ಸಾಯ್ತು. ಮಗನೋ ಮಗಳೋ ಗಚ್ಚಿಬೌಲಿಯಲ್ಲಿ ಕೂತು ಫೋನಿನಲ್ಲೇ ಮಾಡೆಲ್ ಆರಿಸಿ, ಇಎಂಐ ಹಾಕಿಸಿ ಊರಿಗೆ ಕಳಿಸುತ್ತಾರೆ. ಇನ್ನು ಕೆಲವರು ಶಂಕರಪಲ್ಲಿ, ಸಂಗಾರೆಡ್ಡಿ ಕಡೆ ಒಂದೆರಡು ಎಕರೆ ಮಾಡಿಕೊಂಡು ಶನಿವಾರ, ಭಾನುವಾರ ಮಾವಿನ ಗಿಡದ ಸಾಲಿನಲ್ಲಿ ಹುಲ್ಲು ಕೊಚ್ಚುತ್ತಾರೆ.

ಇದರಲ್ಲಿ ಒಂದು ವಿಚಿತ್ರ ಇದೆ ನೋಡಿ. ಕೊಳ್ಳುವವರು ನಾವು. ಓಡಿಸುವವರು ಅಪ್ಪ, ಚಿಕ್ಕಪ್ಪ, ಇಲ್ಲವೇ ದಿನಗೂಲಿಗೆ ಬಂದ ಹುಡುಗ. ಯಾವ ಮುಚ್ಚಳ ಇರಬೇಕು, ಯಾವ ಕಮಾನು ಬೇಕು ಅಂತ ತೀರ್ಮಾನ ಮಾಡುವವರು ಒಬ್ಬರು, ಅದು ಇಲ್ಲದಿದ್ದಾಗ ಮೈ ಒಡ್ಡುವವರು ಇನ್ನೊಬ್ಬರು. ಆದ್ದರಿಂದ ಆ ಭಾಗಗಳು ಯಾಕಿವೆ ಅನ್ನುವುದು ಮೊದಲು ಕೊಳ್ಳುವವರಿಗೆ ಗೊತ್ತಿರಬೇಕು. ನಮ್ಮ ಆಫೀಸುಗಳಲ್ಲಿ ಸಿಸ್ಟಮ್ ಬಿದ್ದಾಗ ಪೋಸ್ಟ್‌ಮಾರ್ಟಮ್ ಬರೆದು, ಮತ್ತೆ ಹಾಗಾಗದಂತೆ ಒಂದು ಚೆಕ್ ಸೇರಿಸುತ್ತೇವಲ್ಲ, ಟ್ರ್ಯಾಕ್ಟರಿನ ಮೇಲಿರುವ ಎಷ್ಟೋ ತುಂಡುಗಳೂ ಹಾಗೆ ಬಂದವು. ವ್ಯತ್ಯಾಸ ಇಷ್ಟೇ, ಅಲ್ಲಿ ಬಿದ್ದದ್ದು ಸರ್ವರ್ ಅಲ್ಲ, ಮನುಷ್ಯರು. ಆ ಚರಿತ್ರೆ ಗೊತ್ತಿಲ್ಲದವನಿಗೆ ಅದು ಅಡ್ಡಿ ಅಂತ ಕಾಣುತ್ತದೆ, ಸ್ಪ್ಯಾನರ್ ತಗೊಂಡು ಬಿಚ್ಚಿ ಹಾಕುತ್ತಾನೆ.

ಪಟಾನ್‌ಚೆರು: ರೈತರು ಬೇಡ ಅಂದ ಒಳ್ಳೆಯ ಯಂತ್ರ

ಹೈದರಾಬಾದಿನಿಂದ ಬೀದರ್, ಹುಮನಾಬಾದ್, ಕಲಬುರಗಿ ಕಡೆ ಹೋಗುವವರಿಗೆ ಮುಂಬೈ ಹೆದ್ದಾರಿ ಚೆನ್ನಾಗಿ ಗೊತ್ತು. ಆ ದಾರಿಯಲ್ಲಿ ಪಟಾನ್‌ಚೆರು ಹತ್ತಿರ ಇಕ್ರಿಸ್ಯಾಟ್ ಇದೆ. 1972ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆ, ಮಳೆಯಾಶ್ರಿತ ಬೆಳೆಗಳಿಗಾಗಿ. ಸುಮಾರು 1,400 ಹೆಕ್ಟೇರ್ ಜಾಗ. ಒಂದೇ ಕ್ಯಾಂಪಸ್ಸಿನೊಳಗೆ ಎರೆ ಭೂಮಿಯೂ ಇದೆ, ಕೆಂಪು ಮಸಾರಿಯೂ ಇದೆ.

ಎರೆ ಭೂಮಿಯ ಕಷ್ಟ ನಮ್ಮ ಉತ್ತರ ಕರ್ನಾಟಕದವರಿಗೆ ಹೇಳಿಕೊಡಬೇಕಾಗಿಲ್ಲ. ಒಣಗಿದರೆ ಕಲ್ಲು, ನೆನೆದರೆ ಅಂಟು. ಮಳೆಗಾಲದಲ್ಲಿ ಒಳಗೆ ಕಾಲಿಡೋಕಾಗಲ್ಲ, ಹಾಗಾಗಿ ಎಷ್ಟೋ ಹೊಲಗಳನ್ನು ಮುಂಗಾರಿನಲ್ಲಿ ಖಾಲಿ ಬಿಟ್ಟು ಹಿಂಗಾರಿಗೆ ಮಾತ್ರ ಬಿತ್ತುತ್ತಿದ್ದರು. ಇಕ್ರಿಸ್ಯಾಟ್‌ನವರು ಇದಕ್ಕೆ ಒಂದು ದಾರಿ ಹುಡುಕಿದರು. ಹಿಂಗಾರಿ ಕೊಯ್ಲು ಮುಗಿದ ಕೂಡಲೇ, ನೆಲದಲ್ಲಿ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಉತ್ತು, ಒಂದೂವರೆ ಮೀಟರ್ ಅಂತರದಲ್ಲಿ ಅಗಲ ಮಡಿ ಮತ್ತು ಕಾಲುವೆ ಮಾಡಿಡುವುದು. ಮಳೆ ಬರುವ ಸ್ವಲ್ಪ ಮುಂಚೆ ಒಣ ನೆಲದಲ್ಲೇ ಬಿತ್ತುವುದು. ಹೆಚ್ಚಾದ ನೀರು ಕಾಲುವೆಯಲ್ಲಿ ಹರಿದು ಹೋಗುತ್ತದೆ, ಬೆಳೆ ಮಡಿಯ ಮೇಲೆ ನಿಲ್ಲುತ್ತದೆ.

ಈ ಕೆಲಸಕ್ಕೆ ಅವರು ಆರಿಸಿದ್ದು ಎತ್ತು ಎಳೆಯುವ ಒಂದು ಚಕ್ರದ ಸಾಧನ, ಟ್ರಾಪಿಕಲ್ಟರ್. ಫ್ರಾನ್ಸಿನ ಜಾನ್ ನೋಲ್ ಅನ್ನುವವರ ವಿನ್ಯಾಸ. ಎರಡು ರಬ್ಬರ್ ಟೈರು, ಓಡಿಸುವವನಿಗೆ ಸೀಟು, ಹಿಂದೆ ಒಂದು ಅಡ್ಡ ಪಟ್ಟಿ. ಆ ಪಟ್ಟಿಗೆ ನೇಗಿಲು ಕಟ್ಟಬಹುದು, ಮಡಿ ಮಾಡುವ ಸಾಮಾನು ಕಟ್ಟಬಹುದು, ಕೂರಿಗೆ ಕಟ್ಟಬಹುದು, ಎಡೆಕುಂಟೆ ಕಟ್ಟಬಹುದು. ಬೇಕಾದರೆ ಮೇಲೆ ಹಲಗೆ ಹಾಕಿ ಬಂಡಿಯನ್ನೂ ಮಾಡಿಕೊಳ್ಳಬಹುದು. ಒಂದು ಪ್ಲಾಟ್‌ಫಾರ್ಮ್, ಹಲವು ಪ್ಲಗಿನ್ ಅಂತೀವಲ್ಲ, ಅದೇ.

ಸಂಶೋಧನಾ ಹೊಲದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ಹಳ್ಳಿಗಳಿಗೂ ಒಯ್ದರು. ಆದರೆ 1988ರಲ್ಲಿ ಪಾಲ್ ಸ್ಟಾರ್ಕಿ ಅನ್ನುವ ತಜ್ಞ ಇಂಥ ಸಾಧನಗಳ ಬಗ್ಗೆ ಪ್ರಪಂಚದ ಅನುಭವವನ್ನೆಲ್ಲ ಒಟ್ಟು ಹಾಕಿ ಒಂದು ಪುಸ್ತಕ ಬರೆದರು. ಅದರ ಹೆಸರಿನ ಅರ್ಥವೇ ‘ಪರಿಪೂರ್ಣ, ಆದರೂ ತಿರಸ್ಕೃತ’ ಅಂತ. ಮೂವತ್ತು ವರ್ಷಗಳಲ್ಲಿ 45ಕ್ಕೂ ಹೆಚ್ಚು ವಿನ್ಯಾಸಗಳಲ್ಲಿ ಸುಮಾರು 10,000 ಇಂಥ ಸಾಧನಗಳು ತಯಾರಾಗಿದ್ದವು, ಆದರೆ ಅವನ್ನು ಹಲವು ಕೆಲಸಗಳಿಗೆ ವರ್ಷಗಟ್ಟಲೆ ಬಳಸಿದ ರೈತರು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಹೆಚ್ಚಿನವು ಕೊನೆಗೆ ಬರೀ ಬಂಡಿಗಳಾದವು. ಬೆಲೆ ಜಾಸ್ತಿ, ತೂಕ ಜಾಸ್ತಿ, ಸಣ್ಣ ಹೊಲದಲ್ಲಿ ತಿರುಗಿಸೋದು ಕಷ್ಟ, ಒಂದು ಸಾಮಾನು ಬಿಚ್ಚಿ ಇನ್ನೊಂದು ಹಾಕುವುದು ತಲೆನೋವು.

ಆ ಸಾಧನ ಹೋಯಿತು, ಆದರೆ ಅಗಲ ಮಡಿಯ ವಿಚಾರ ಉಳಿಯಿತು. ಇವತ್ತು ಅಂಥ ಮಡಿ ಮಾಡಿ ಬಿತ್ತುವ ಯಂತ್ರಗಳು ಟ್ರ್ಯಾಕ್ಟರ್ ಹಿಂದೆ ಕಟ್ಟಲು ಸಿಗುತ್ತವೆ. ಈ ಕಥೆಯನ್ನು ಯಾಕೆ ಮೊದಲು ಹೇಳಿದೆ ಅಂದರೆ, ಚಿಕ್ಕ ಟ್ರ್ಯಾಕ್ಟರನ್ನೂ ನಮಗೆ ಇದೇ ಮಾತಿನಲ್ಲಿ ಮಾರುತ್ತಾರೆ: ಒಂದು ಯಂತ್ರ, ಹತ್ತು ಕೆಲಸ. ಕೇಳಬೇಕಾದ ಪ್ರಶ್ನೆ ಎಷ್ಟು ಕೆಲಸ ಅಂತ ಅಲ್ಲ. ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಾಯಿಸಲು ಅರವತ್ತು ವರ್ಷದ ಒಬ್ಬ ಮನುಷ್ಯನಿಗೆ ಎಷ್ಟು ಹೊತ್ತು ಬೇಕು, ಎಷ್ಟು ಬಲ ಬೇಕು? ಅದು ಕಷ್ಟವಾದರೆ ಅವನು ಅಡ್ಡದಾರಿ ಹಿಡಿಯುತ್ತಾನೆ. ಮುಚ್ಚಳ ಹಾಕದೆ ಬಿಡುತ್ತಾನೆ, ಪಿನ್ನಿನ ಬದಲು ತಂತಿ ಸುತ್ತುತ್ತಾನೆ, ಎಲ್ಲಿ ಸಿಕ್ಕಿತೋ ಅಲ್ಲಿ ಹಗ್ಗ ಕಟ್ಟಿ ಎಳೆಯುತ್ತಾನೆ. ಯಂತ್ರದ ಉಪಯೋಗ ಮತ್ತು ಅಪಾಯ ಎರಡೂ ಜೋಡಣೆಯ ಜಾಗದಲ್ಲೇ ತೀರ್ಮಾನವಾಗುತ್ತವೆ.

ಫರ್ಗುಸನ್‌ನ ಮೂರು ಕಡ್ಡಿ

ಜೋಡಣೆಯ ಈ ಪ್ರಶ್ನೆ ಎಂಜಿನ್ ಗಾಡಿಗಳ ಲೋಕದಲ್ಲಿ ಇಕ್ರಿಸ್ಯಾಟ್‌ಗಿಂತ ಅರ್ಧ ಶತಮಾನ ಮೊದಲೇ ಎದ್ದಿತ್ತು. 1917ರಲ್ಲಿ ಹೆನ್ರಿ ಫೋರ್ಡ್ ‘ಫೋರ್ಡ್ಸನ್’ ಟ್ರ್ಯಾಕ್ಟರ್ ತಯಾರಿಸಲು ಶುರು ಮಾಡಿದ. ಅಗ್ಗ, ಸಾಮಾನ್ಯ ರೈತನೂ ಕೊಳ್ಳಬಹುದಾದ ಗಾಡಿ. ಅದೇ ವರ್ಷ, ಮೊದಲ ಮಹಾಯುದ್ಧದ ಆಹಾರದ ಕೊರತೆಯ ನಡುವೆ, ಐರ್ಲೆಂಡಿನ ಕೃಷಿ ಇಲಾಖೆ ಹ್ಯಾರಿ ಫರ್ಗುಸನ್ ಅನ್ನುವ ಮೆಕ್ಯಾನಿಕ್‌ಗೆ ಊರೂರು ಸುತ್ತಿ ಟ್ರ್ಯಾಕ್ಟರ್ ಉಳುಮೆಯನ್ನು ಸುಧಾರಿಸುವ ಕೆಲಸ ಕೊಟ್ಟಿತು.

ಆಗ ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಬಂಡಿಯಂತೆ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿ ನಿಂತಿತು ಅನ್ನಿ. ಎಂಜಿನ್ ನಿಲ್ಲುವುದಿಲ್ಲ. ಹಿಂದಿನ ಚಕ್ರ ಮುಂದೆ ಹೋಗಲಾರದೆ ನಿಂತಾಗ, ಆ ತಿರುಗುವ ಬಲ ಗಾಡಿಯ ಮೈಯನ್ನೇ ಅಚ್ಚಿನ ಸುತ್ತ ತಿರುಗಿಸುತ್ತದೆ. ಮೂತಿ ಮೇಲಕ್ಕೇಳುತ್ತದೆ, ಗಾಡಿ ಹಿಂದಕ್ಕೆ ಮಗುಚಿ ಓಡಿಸುವವನ ಮೇಲೆ ಬೀಳುತ್ತದೆ. ಮೂತಿ ಎದ್ದದ್ದು ಗೊತ್ತಾಗಿ ಕ್ಲಚ್ ತುಳಿಯಲು ಸಿಗುವ ಸಮಯ ಒಂದು ಸೆಕೆಂಡಿಗೂ ಕಡಿಮೆ. ಫೋರ್ಡ್ಸನ್ ಇದಕ್ಕೆ ಕುಖ್ಯಾತವಾಗಿತ್ತು.

ಫರ್ಗುಸನ್ 1920ರ ದಶಕದಲ್ಲಿ ಇದಕ್ಕೆ ಕಂಡುಕೊಂಡ ಉತ್ತರವನ್ನು ಇವತ್ತೂ ಪ್ರತಿ ಟ್ರ್ಯಾಕ್ಟರಿನ ಹಿಂದೆ ನೋಡಬಹುದು: ಕೆಳಗೆ ಎರಡು ಕಡ್ಡಿ, ಮೇಲೆ ನಡುವೆ ಒಂದು ಕಡ್ಡಿ, ಎತ್ತಿ ಇಳಿಸಲು ಹೈಡ್ರಾಲಿಕ್. ಕೆಳಗಿನ ಎರಡು ಎಳೆಯುತ್ತವೆ. ನೇಗಿಲು ಮುಂದೆ ಬಾಗಲು ನೋಡಿದಾಗ ಮೇಲಿನದು, ಅಂದರೆ ಟಾಪ್ ಲಿಂಕ್, ಟ್ರ್ಯಾಕ್ಟರಿನ ಮೈಯನ್ನು ಮುಂದಕ್ಕೆ ತಳ್ಳಿ ಮೂತಿ ಮೇಲೇಳದಂತೆ ಹಿಡಿಯುತ್ತದೆ. ಜೊತೆಗೆ ನೇಗಿಲಿನ ಭಾರ ಹಿಂದಿನ ಚಕ್ರದ ಮೇಲೆ ಬೀಳುವುದರಿಂದ ಹಗುರ ಗಾಡಿಗೂ ಹಿಡಿತ ಸಿಗುತ್ತದೆ. 1939ರಲ್ಲಿ ಫೋರ್ಡ್ ಜೊತೆ ಸೇರಿ ಇದನ್ನು ಅಮೆರಿಕದಲ್ಲಿ ಮಾರುಕಟ್ಟೆಗೆ ತಂದ. 1946ರಿಂದ 1956ರವರೆಗೆ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಟಿಇ20 ಅನ್ನುವ ಪುಟ್ಟ ಬೂದು ಟ್ರ್ಯಾಕ್ಟರ್ ಐದು ಲಕ್ಷಕ್ಕೂ ಹೆಚ್ಚು ತಯಾರಾಯಿತು. ಇವತ್ತಿನ ಲೆಕ್ಕದಲ್ಲಿ ಅದೂ ಚಿಕ್ಕ ಟ್ರ್ಯಾಕ್ಟರೇ.

ಚಿಕ್ಕ ಟ್ರ್ಯಾಕ್ಟರ್ ಕೆಲಸಕ್ಕೆ ಬರುವಂತೆ ಮಾಡಿದ್ದೂ, ಅದು ಮಗುಚದಂತೆ ಮಾಡಿದ್ದೂ ಒಂದೇ ಜೋಡಣೆ. ಅದನ್ನು ತಪ್ಪಿಸಿ ಕಟ್ಟಿದರೆ ಎರಡೂ ಹೋಗುತ್ತವೆ. ಒಣಗಿದ ಮರದ ಬೊಡ್ಡೆ ಕೀಳಲು ಟಾಪ್ ಲಿಂಕ್ ಕಟ್ಟುವ ಜಾಗಕ್ಕೋ ಸೀಟಿನ ಕೆಳಗಿನ ಅಚ್ಚಿಗೋ ಸರಪಳಿ ಹಾಕಿ ಎಳೆದರೆ, 1917ರ ಫೋರ್ಡ್ಸನ್ ಸ್ಥಿತಿಗೇ ವಾಪಸ್ ಹೋದಂತೆ. ಎಳೆಯುವುದೇನಿದ್ದರೂ ಕೆಳಗಿನ ಡ್ರಾಬಾರ್‌ನಿಂದ ಮಾತ್ರ. ಇನ್ನೊಂದು ನಮ್ಮ ಗದ್ದೆಗಳಲ್ಲಿ ಮಾಡುವ ಕೆಲಸ: ಹಿಂದಿನ ಚಕ್ರ ಕೆಸರಲ್ಲಿ ಹೂತಾಗ ಅದರ ಮುಂದೆ ಮರದ ತುಂಡು ಕೊಟ್ಟು ಎಕ್ಸಿಲೇಟರ್ ಒತ್ತುವುದು. ಚಕ್ರ ತುಂಡಿಗೆ ಸಿಕ್ಕಿ ನಿಂತರೆ ಗಾಡಿಯೇ ಮೇಲೇಳುತ್ತದೆ. ಹೂತರೆ ಮೊದಲು ರಿವರ್ಸ್‌ನಲ್ಲಿ ನಿಧಾನ ಹೊರಬರಲು ನೋಡಬೇಕು, ಆಗದಿದ್ದರೆ ಇನ್ನೊಂದು ಗಾಡಿ ತರಿಸಬೇಕು. ಕಡಿದಾದ ಬದು ಹತ್ತುವುದಿದ್ದರೂ ಹಾಗೇ, ರಿವರ್ಸ್‌ನಲ್ಲಿ ಹತ್ತಿ, ಮೂತಿ ಮುಂದೆ ಮಾಡಿ ಇಳಿ.

ಸ್ವೀಡನ್ನಿನ ಕಮಾನು

ಹಿಂದಕ್ಕೆ ಮಗುಚುವುದಕ್ಕೆ ಫರ್ಗುಸನ್ ಉತ್ತರ ಕೊಟ್ಟ. ಪಕ್ಕಕ್ಕೆ ಉರುಳುವುದಕ್ಕೆ ಅವನ ಕಡ್ಡಿಗಳು ಏನೂ ಮಾಡಲಾರವು. ಆ ಉತ್ತರ ಬಂದದ್ದು ಸ್ವೀಡನ್ನಿಂದ. 1959ರಲ್ಲಿ ಅಲ್ಲಿ ಒಂದು ನಿಯಮ ಬಂತು: ಮಾರಾಟವಾಗುವ ಹೊಸ ಟ್ರ್ಯಾಕ್ಟರಿಗೆ ಓಡಿಸುವವನ ಸುತ್ತ ಗಟ್ಟಿ ಉಕ್ಕಿನ ಚೌಕಟ್ಟು ಇರಲೇಬೇಕು. ಮುಂದೆ ಹಳೆಯ ಗಾಡಿಗಳಿಗೂ ವಿಸ್ತರಿಸಿದರು. ಉರುಳಿ ಸಾಯುವವರ ಸಂಖ್ಯೆ ಅಲ್ಲಿ ಬಹುತೇಕ ಇಲ್ಲವಾಯಿತು. ಅದನ್ನು ನೋಡಿ ಬೇರೆ ದೇಶಗಳೂ ಹಿಂಬಾಲಿಸಿದವು. ಅಮೆರಿಕದಲ್ಲಿ 1976ರ ಅಕ್ಟೋಬರ್ ನಂತರ ತಯಾರಾದ, ಕೂಲಿಯವರು ಓಡಿಸುವ ಟ್ರ್ಯಾಕ್ಟರುಗಳಿಗೆ ಇದು ಕಡ್ಡಾಯವಾಯಿತು.

ಗಮನಿಸಿ, ಸ್ವೀಡನ್ನಿನ ರೈತರು ರಾತ್ರೋರಾತ್ರಿ ಹುಷಾರಾಗಲಿಲ್ಲ. ಟ್ರ್ಯಾಕ್ಟರ್ ಉರುಳುವುದೂ ನಿಲ್ಲಲಿಲ್ಲ. ಉರುಳಿದರೂ ಮನುಷ್ಯ ಬದುಕುವಂತಾಯಿತು. ‘ನೋಡ್ಕೊಂಡು ಓಡ್ಸಿ ಅಪ್ಪ’ ಅಂತ ಫೋನಿನಲ್ಲಿ ಹೇಳುವುದಕ್ಕೂ ಕಮಾನು ಇರುವ ಗಾಡಿ ಕಳಿಸುವುದಕ್ಕೂ ಇರುವ ವ್ಯತ್ಯಾಸ ಇದು.

ನಮ್ಮಲ್ಲಿ ಮಾರುವ ಎಷ್ಟೋ ಚಿಕ್ಕ ಟ್ರ್ಯಾಕ್ಟರುಗಳಿಗೆ ಈ ಕಮಾನು ಇರುವುದಿಲ್ಲ. ತೋಟದ ಗಾಡಿಗಳಲ್ಲಿ ಇದ್ದರೂ, ಕೊಂಬೆಗೆ ತಗಲುತ್ತದೆ ಅಂತ ಮಡಚಿಡುತ್ತಾರೆ. ಚಿಕ್ಕ ಗಾಡಿ ಅಂದರೆ ಎರಡು ಚಕ್ರಗಳ ನಡುವಿನ ಅಗಲವೂ ಚಿಕ್ಕದು. ಸಾಲಿನ ನಡುವೆ ಹೋಗಲಿ ಅಂತಲೇ ಹಾಗೆ ಮಾಡಿರುವುದು, ಆದರೆ ಉರುಳಲು ಅದೇ ಅನುಕೂಲ. ಮುಂದೆ ಲೋಡರ್ ಎತ್ತಿದರೆ, ಹಿಂದೆ ಔಷಧಿ ಟ್ಯಾಂಕ್ ತುಂಬಿಸಿದರೆ ಭಾರದ ಕೇಂದ್ರ ಮೇಲೆ ಹೋಗುತ್ತದೆ. ತಿರುವಿನಲ್ಲಿ ವೇಗ ಎರಡರಷ್ಟಾದರೆ ಹೊರಗೆ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಕಮಾನು ಎತ್ತಿದ್ದಾಗ ಸೀಟ್ ಬೆಲ್ಟ್ ಹಾಕಲೇಬೇಕು, ಇಲ್ಲದಿದ್ದರೆ ಉರುಳುವಾಗ ಹೊರಗೆ ಬಿದ್ದು ಆ ಕಮಾನಿನ ಕೆಳಗೇ ಸಿಕ್ಕುತ್ತೀರಿ. ಕಮಾನು ಇಲ್ಲದಿದ್ದರೆ ಅಥವಾ ಮಡಚಿದ್ದರೆ ಬೆಲ್ಟ್ ಹಾಕಬಾರದು. ಎರಡಕ್ಕೂ ಒಟ್ಟಿಗೇ ಅರ್ಥ, ಬೇರೆ ಬೇರೆ ಅಲ್ಲ.

ಬ್ರೇಕಿನದೂ ಒಂದು ಮಾತು. ಟ್ರ್ಯಾಕ್ಟರಿಗೆ ಬಲ ಚಕ್ರಕ್ಕೊಂದು, ಎಡ ಚಕ್ರಕ್ಕೊಂದು ಬ್ರೇಕ್ ಪೆಡಲ್ ಇರುತ್ತದೆ. ಹೊಲದ ತುದಿಯಲ್ಲಿ ಚಿಕ್ಕ ಜಾಗದಲ್ಲಿ ತಿರುಗಲು ಒಂದನ್ನೇ ತುಳಿಯುತ್ತಾರೆ. ರಸ್ತೆಗೆ ಬರುವ ಮೊದಲು ಎರಡನ್ನೂ ಕೂಡಿಸುವ ಕೊಂಡಿ ಹಾಕಬೇಕು. ಮರೆತು ವೇಗದಲ್ಲಿ ಒಂದೇ ಪೆಡಲ್ ಒತ್ತಿದರೆ ಗಾಡಿ ಸರಕ್ಕನೆ ಪಕ್ಕಕ್ಕೆ ಎಳೆದು ಪಲ್ಟಿ ಹೊಡೆಯುತ್ತದೆ. ಕಾರು ಓಡಿಸಿ ಅಭ್ಯಾಸ ಇರುವ ನಮ್ಮಂಥವರಿಗೆ ಇದು ಹೊಳೆಯುವುದೇ ಇಲ್ಲ.

ಜಪಾನಿನಿಂದ ಮಂಡ್ಯ, ಬೆಂಗಳೂರು

ನಮ್ಮ ಗದ್ದೆಗಳಿಗೆ ಚಿಕ್ಕ ಯಂತ್ರ ಬಂದದ್ದು ಯುರೋಪಿನಿಂದಲ್ಲ, ಜಪಾನಿನಿಂದ. ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿ ಭೂ ಸುಧಾರಣೆ ಆಯಿತು, ಚಿಕ್ಕ ಚಿಕ್ಕ ಹಿಡುವಳಿಗಳಿಗೆ ತಕ್ಕಂತೆ ಹಿಂದೆ ನಡೆಯುತ್ತಾ ಓಡಿಸುವ ಎರಡು ಚಕ್ರದ ಟಿಲ್ಲರುಗಳು ಬೆಳೆದವು. ಅದರ ತಿರುಗುವ ಕತ್ತಿಗಳ ವಿಚಾರ ಮಾತ್ರ ಆಸ್ಟ್ರೇಲಿಯಾದ್ದು. 1912ರಲ್ಲಿ ಆರ್ಥರ್ ಕ್ಲಿಫರ್ಡ್ ಹೋವರ್ಡ್ ಅನ್ನುವ ಯುವಕ ಅಪ್ಪನ ಹೊಲದಲ್ಲಿ ಪ್ರಯೋಗ ಶುರು ಮಾಡಿ, ‘ಎಲ್’ ಆಕಾರದ ಕತ್ತಿ ಮಾಡಿದ. ಇವತ್ತಿನ ರೋಟವೇಟರ್ ಅದರ ಮಗು.

1960ರ ದಶಕದಲ್ಲಿ ಭಾರತ ಮತ್ತು ಜಪಾನ್ ಸೇರಿ ಕೆಲವೆಡೆ ಮಾದರಿ ಹೊಲಗಳನ್ನು ತೆರೆದವು. ಅದರಲ್ಲಿ ಒಂದು ನಮ್ಮ ಮಂಡ್ಯ, ಇನ್ನೊಂದು ಈ ಕಡೆ ಆಂಧ್ರದ ಬಾಪಟ್ಲ. 1967ರಲ್ಲಿ ಬೆಂಗಳೂರಿನಲ್ಲಿ ವಿಎಸ್‌ಟಿ ಟಿಲ್ಲರ್ಸ್ ಕಂಪನಿ ಮಿತ್ಸುಬಿಷಿ ಸಹಯೋಗದಲ್ಲಿ ಶುರುವಾಯಿತು. ಅವರ ಶಕ್ತಿ ಟಿಲ್ಲರ್ ಕರ್ನಾಟಕದ ಗದ್ದೆ, ತೋಟಗಳಲ್ಲಿ ಎಷ್ಟು ಹಬ್ಬಿತು ಅಂದರೆ ಎಷ್ಟೋ ಮನೆಗಳಲ್ಲಿ ಟಿಲ್ಲರ್ ಅಂದರೆ ಅದೇ.

ಟಿಲ್ಲರ್‌ಗೆ ಉರುಳುವ ಭಯ ಕಡಿಮೆ, ಯಾಕೆಂದರೆ ಓಡಿಸುವವನು ಹಿಂದೆ ನಡೆಯುತ್ತಾನೆ. ಅದರ ಅಪಾಯಗಳೇ ಬೇರೆ. ಮೊದಲನೆಯದು ರಿವರ್ಸ್. ಹಿಂದೆ ಕತ್ತಿ ತಿರುಗುತ್ತಿರುವಾಗಲೇ ರಿವರ್ಸ್ ಹಾಕಿದರೆ ಯಂತ್ರ ನೇರ ಕಾಲಿನ ಮೇಲೇ ಬರುತ್ತದೆ. ಹಿಂದೆ ಗೋಡೆಯೋ ತೆಂಗಿನ ಮರವೋ ಇದ್ದರೆ ಹ್ಯಾಂಡಲ್ಲಿಗೂ ಅದಕ್ಕೂ ನಡುವೆ ಎದೆ ಸಿಕ್ಕಿಕೊಳ್ಳುತ್ತದೆ. ಮೊದಲು ಕತ್ತಿಯ ಗೇರ್ ಬಿಡಿಸಿ, ಎಂಜಿನ್ ವೇಗ ಇಳಿಸಿ, ಹಿಂದೆ ನೋಡಿ, ಆಮೇಲೆ ರಿವರ್ಸ್.

ಎರಡನೆಯದು ಇಳಿಜಾರು. ಟಿಲ್ಲರಿಗೆ ಸ್ಟೀರಿಂಗ್ ಇಲ್ಲ, ಎರಡು ಕೈಯಲ್ಲಿ ಎರಡು ಕ್ಲಚ್. ಎಡಗಡೆಯದನ್ನು ಹಿಡಿದರೆ ಎಡ ಚಕ್ರಕ್ಕೆ ಬಲ ನಿಲ್ಲುತ್ತದೆ, ಯಂತ್ರ ಎಡಕ್ಕೆ ತಿರುಗುತ್ತದೆ. ಆದರೆ ಭಾರದ ಟ್ರೇಲರ್ ಕಟ್ಟಿ ಇಳಿಜಾರಿನಲ್ಲಿ ಇಳಿಯುವಾಗ, ಬಲ ತಪ್ಪಿದ ಚಕ್ರವನ್ನು ಹಿಡಿದಿಡಲು ಎಂಜಿನ್ ಇಲ್ಲ, ಅದು ಜಾರಿ ಮುಂದೆ ಓಡುತ್ತದೆ. ಎಡ ಹಿಡಿದರೆ ಬಲಕ್ಕೆ ತಿರುಗುತ್ತದೆ! ಮಲೆನಾಡಿನ ಹಳೆಯ ಚಾಲಕರಿಗೆ ಇದು ಕೈಗೇ ಗೊತ್ತು. ಹೊಸಬ ಹುಡುಗನಿಗೆ ಯಾರಾದರೂ ಹೇಳಲೇಬೇಕು. ಇಳಿಜಾರಿನಲ್ಲಿ ಕಡಿಮೆ ಗೇರಿನಲ್ಲಿ ಇಳಿದು, ಆ ಕ್ಲಚ್ಚುಗಳನ್ನು ಮುಟ್ಟದೆ ಹ್ಯಾಂಡಲಿನಿಂದಲೇ ತಿರುಗಿಸಬೇಕು.

ತಿರುಗುವ ದಂಡ ಮತ್ತು 1983ರ ಕಾನೂನು

ಟ್ರ್ಯಾಕ್ಟರಿನ ಹಿಂದೆ ರೋಟವೇಟರ್, ಪಂಪು ಇಂಥವಕ್ಕೆ ಬಲ ಕೊಡುವ ತಿರುಗುವ ದಂಡ ಇರುತ್ತದೆ. ಪಿಟಿಒ ಅಂತಾರೆ. ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಸುಮ್ಮನೆ ಒಂದು ಲೆಕ್ಕ ಹಾಕಿ. ದಂಡ 7 ಸೆಂಟಿಮೀಟರ್ ದಪ್ಪ ಇದ್ದರೆ ಅದರ ಸುತ್ತಳತೆ ಸುಮಾರು 22 ಸೆಂಟಿಮೀಟರ್. ಸೆಕೆಂಡಿಗೆ 9 ಸುತ್ತು ಅಂದರೆ ಸುಮಾರು 2 ಮೀಟರ್ ಬಟ್ಟೆ ಒಳಗೆ. ಪಂಚೆಯ ತುದಿ, ಟವೆಲ್, ಸೀರೆ ಸೆರಗು ಸಿಕ್ಕಿತು ಅಂತ ಗೊತ್ತಾಗುವ ಮೊದಲೇ ಮನುಷ್ಯ ಅದರ ಜೊತೆ ಹೋಗಿರುತ್ತಾನೆ. ಅದಕ್ಕೇ ಆ ದಂಡದ ಮೇಲೆ ಪ್ಲಾಸ್ಟಿಕ್ ಕೊಳವೆ ಇರುವುದು. ಬಿಸಿಲಿಗೆ ಒಡೆದು ಹೋಗುತ್ತದೆ. ಹೊಸದು ಹಾಕಿಸಲು ಖರ್ಚು ಎಷ್ಟಾದರೂ ಅದು ಕಡಿಮೆಯೇ.

ಭಾರತದಲ್ಲಿ ಇಂಥ ತಿರುಗುವ ಯಂತ್ರಗಳ ಬಗ್ಗೆ ಕಾನೂನು ಬಂದದ್ದು ಒಕ್ಕಣೆ ಯಂತ್ರದಿಂದ. ಹಸಿರು ಕ್ರಾಂತಿಯ ನಂತರ ಉತ್ತರ ಭಾರತದಲ್ಲಿ ಗೋಧಿ ಬಡಿಯುವ ಥ್ರೆಶರ್‌ಗಳು ಹಬ್ಬಿದವು. ತೆನೆಯನ್ನು ಕೈಯಿಂದ ಒಳಗೆ ತಳ್ಳುವಾಗ ಕೈಯೇ ಹೋಗುತ್ತಿತ್ತು. ಕೊಯ್ಲಿನ ಕಾಲದಲ್ಲಿ ರಾತ್ರಿ ಹಗಲು ಕೆಲಸ, ನಿದ್ದೆಗಣ್ಣು, ಕೈ ಕಳೆದುಕೊಂಡವರು ಹೆಚ್ಚಾಗಿ ಕೂಲಿಯವರು. 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಮಾಡಿತು. ಆ ಕಾನೂನು ಹೆಸರಿಸಿದ ಮೊದಲ ಅಪಾಯಕಾರಿ ಯಂತ್ರವೇ ಥ್ರೆಶರ್. ತಯಾರಕನ ಮೇಲೆ, ಮಾರುವವನ ಮೇಲೆ ಹೊಣೆ ಹಾಕಿತು, ಗಾಯಗೊಂಡವರಿಗೆ ಪರಿಹಾರದ ದಾರಿ ಮಾಡಿತು. ಕೈ ಒಳಗೆ ತಲುಪದಷ್ಟು ಉದ್ದದ, ಮೇಲೆ ಮುಚ್ಚಿದ ಬಾಯಿ ಇರುವ ಸುರಕ್ಷಿತ ವಿನ್ಯಾಸಗಳು ಬಂದವು.

ಈ ಕಾನೂನಿನ ಹಿಂದಿನ ಯೋಚನೆಯಲ್ಲಿ ಒಂದು ದೊಡ್ಡ ಮಾತಿದೆ. ಕೈ ಕಳೆದುಕೊಂಡವನನ್ನು ‘ನೀನು ಹುಷಾರಾಗಿರಲಿಲ್ಲ’ ಅಂತ ಬಯ್ಯುವುದನ್ನು ಬಿಟ್ಟು, ‘ಕೈ ಹೋಗುವಂಥ ಬಾಯಿ ಯಾಕೆ ಇಟ್ಟೆ?’ ಅಂತ ಯಂತ್ರ ಮಾಡಿದವನನ್ನು ಕೇಳಿತು.

ಹುಲ್ಲಿನ ಯಂತ್ರ: ಬಿಟ್ಟ ಕೂಡಲೇ ನಿಲ್ಲಬೇಕು

ಹುಲ್ಲು ಕತ್ತರಿಸುವ ಯಂತ್ರವನ್ನು 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಕಂಡುಹಿಡಿದ. ಅದು ಕೈಯಲ್ಲಿ ತಳ್ಳುವಂಥದ್ದು, ನಿಂತರೆ ನಿಲ್ಲುತ್ತಿತ್ತು. ಎಂಜಿನ್ ಬಂದ ಮೇಲೆ ಮನುಷ್ಯ ನಿಂತರೂ ಕತ್ತಿ ನಿಲ್ಲುವುದಿಲ್ಲ. ಸಿಕ್ಕಿಕೊಂಡ ಹುಲ್ಲು ಬಿಡಿಸಲು ಕೈ ಹಾಕಿ ಬೆರಳು ಕಳೆದುಕೊಂಡವರು ಎಷ್ಟೋ. ಅಮೆರಿಕದಲ್ಲಿ 1982ರಿಂದ ಒಂದು ನಿಯಮ ಇದೆ: ತಳ್ಳುವ ಯಂತ್ರದ ಹಿಡಿ ಬಿಟ್ಟ 3 ಸೆಕೆಂಡಿನೊಳಗೆ ಕತ್ತಿ ನಿಲ್ಲಬೇಕು.

ನಮ್ಮಲ್ಲಿ ಆ ಹಿಡಿಯನ್ನು ದಾರದಿಂದಲೋ ಹಳೆ ಟ್ಯೂಬಿನ ರಬ್ಬರಿನಿಂದಲೋ ಕಟ್ಟಿಬಿಡುತ್ತಾರೆ, ಕೈ ನೋಯುತ್ತದೆ ಅಂತ. ಆ ಒಂದು ರಬ್ಬರ್ ತುಂಡು ಇಡೀ ನಿಯಮವನ್ನೇ ಅಳಿಸುತ್ತದೆ. ನೀವು ಊರಿಗೆ ಹೋದಾಗ ಮೊದಲು ನೋಡಬೇಕಾದ್ದು ಇದು.

ಬ್ರಷ್ ಕಟರ್ ಅಡಿಕೆ ತೋಟದಿಂದ ಹಿಡಿದು ಹೈದರಾಬಾದಿನ ಅಪಾರ್ಟ್‌ಮೆಂಟ್ ಲಾನ್‌ವರೆಗೆ ಎಲ್ಲೆಡೆ ಇದೆ. ಅದರ ಕತ್ತಿಗಿಂತ ಅದು ಎಸೆಯುವ ಕಲ್ಲು ಹೆಚ್ಚು ಅಪಾಯ. ಕಣ್ಣಿಗೆ ಕನ್ನಡಕ, ಮುಖಕ್ಕೆ ಜಾಲರಿ, ಕಾಲಿಗೆ ಬೂಟು ಬೇಕು. ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು, ಮುಖ್ಯವಾಗಿ ಮಕ್ಕಳು. ಕತ್ತಿಯ ಮೇಲಿನ ಮುಚ್ಚಳ ಬಿಚ್ಚಬಾರದು. ಲೋಹದ ಕತ್ತಿ ಗಟ್ಟಿ ಬುಡಕ್ಕೆ ತಗಲಿದರೆ ಇಡೀ ದಂಡ ಪಕ್ಕಕ್ಕೆ ಒದೆಯುತ್ತದೆ, ಹೆಗಲಿನ ಪಟ್ಟಿ ಸರಿಯಾಗಿ ಹಾಕಿದ್ದರೆ ಅದು ಕಾಲಿನವರೆಗೆ ಬರಲಾರದು.

ಜಹೀರಾಬಾದ್ ಮತ್ತು ಗಾರ್ಲದಿನ್ನೆ

ಮತ್ತೆ ಮುಂಬೈ ಹೆದ್ದಾರಿಗೆ ಬರೋಣ. ಪಟಾನ್‌ಚೆರು, ಸಂಗಾರೆಡ್ಡಿ ದಾಟಿದರೆ ಜಹೀರಾಬಾದ್. 1956ರವರೆಗೆ ಇದು ಬೀದರ್ ಜಿಲ್ಲೆಯ ತಾಲ್ಲೂಕು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮೇದಕ್ ಜಿಲ್ಲೆಗೆ ಸೇರಿತು, ಈಗ ಸಂಗಾರೆಡ್ಡಿ ಜಿಲ್ಲೆ. 2013ರಿಂದ ಇಲ್ಲಿ ಮಹೀಂದ್ರದ ಟ್ರ್ಯಾಕ್ಟರ್ ಕಾರ್ಖಾನೆ ಇದೆ. 2023ರ ಆಗಸ್ಟ್ 15ರಂದು ಕೇಪ್‌ಟೌನಿನಲ್ಲಿ ಬಿಡುಗಡೆಯಾದ ಓಜಾ ಸರಣಿಯ ಹಗುರ ಟ್ರ್ಯಾಕ್ಟರುಗಳು, 20ರಿಂದ 40 ಎಚ್‌ಪಿ, ಈ ಜಹೀರಾಬಾದಿನಲ್ಲೇ ತಯಾರಾಗುತ್ತವೆ. ಅದರ ವಿನ್ಯಾಸದಲ್ಲಿ ಜಪಾನಿನ ಮಿತ್ಸುಬಿಷಿ ಮಹೀಂದ್ರ ಕಂಪನಿಯ ಪಾಲೂ ಇದೆ. ಐವತ್ತು ಚಿಲ್ಲರೆ ವರ್ಷ ಹಿಂದೆ ಬೆಂಗಳೂರಿನ ಟಿಲ್ಲರ್ ಹಿಂದೆ ಇದ್ದ ಹೆಸರೇ ಇವತ್ತು ಬೀದರ್ ಗಡಿಯ ಚಿಕ್ಕ ಟ್ರ್ಯಾಕ್ಟರಿನ ಹಿಂದೆಯೂ ಇದೆ.

ಅಂದರೆ ಯಂತ್ರ ನಮ್ಮ ಬಾಗಿಲಿಗೇ ಬಂದಿದೆ. ಅದನ್ನು ಓಡಿಸುವ ವಿದ್ಯೆ ಅಷ್ಟೇ ವೇಗದಲ್ಲಿ ಬಂದಿಲ್ಲ. ಶೋರೂಮಿನವರು ಕೀ ಕೊಟ್ಟು, ಹಾರ ಹಾಕಿ, ಫೋಟೋ ತೆಗೆದು ಕಳಿಸುತ್ತಾರೆ. ನಿಜವಾದ ತರಬೇತಿ ಕೊಡುವ ಜಾಗಗಳೂ ಇವೆ. ಹೈದರಾಬಾದ್–ಬೆಂಗಳೂರು ಹೆದ್ದಾರಿಯಲ್ಲಿ ಅನಂತಪುರಕ್ಕೆ ಸ್ವಲ್ಪ ಮೊದಲು ಗಾರ್ಲದಿನ್ನೆ ಸಿಗುತ್ತದೆ. ಕೇಂದ್ರ ಸರ್ಕಾರದ ದಕ್ಷಿಣ ವಲಯದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇರುವುದು ಅಲ್ಲೇ, 1983ರಿಂದ. ಯಂತ್ರಗಳನ್ನು ಪರೀಕ್ಷಿಸುತ್ತಾರೆ, ರೈತರಿಗೆ ಓಡಿಸಲು, ನೋಡಿಕೊಳ್ಳಲು ಕಲಿಸುತ್ತಾರೆ. ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ಅದನ್ನು ದಾಟಿ ಹೋಗುವವರು ನಾವು.

ಕೊಳ್ಳುವ ಮೊದಲು ಒಂದು ಹಂಗಾಮು ಬಾಡಿಗೆಗೆ ತಂದು ನೋಡುವುದು ಒಳ್ಳೆಯದು. ಕರ್ನಾಟಕದಲ್ಲಿ 2014-15ರಿಂದ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ನಿಮ್ಮ ಹೊಲಕ್ಕೆ 20 ಎಚ್‌ಪಿ ಸಾಕೇ ಅನ್ನುವುದು ಆಗ ಗೊತ್ತಾಗುತ್ತದೆ. ಹತ್ತಿ, ತೊಗರಿ ಸಾಲಿನ ನಡುವೆ ಹರಗಲು, ತೋಟದ ಕೆಲಸಕ್ಕೆ ಚಿಕ್ಕ ಗಾಡಿ ಚೆನ್ನ. ಆಳವಾದ ಎರೆಯಲ್ಲಿ ಬೇಸಿಗೆಯ ದೊಡ್ಡ ಉಳುಮೆಗೆ ಅದನ್ನು ಹಿಂಸಿಸಿದರೆ ಚಕ್ರ ಜಾರುತ್ತದೆ, ಡೀಸೆಲ್ ಹೋಗುತ್ತದೆ, ಮೂತಿ ಏಳುತ್ತದೆ. ಆ ಕೆಲಸಕ್ಕೆ ದೊಡ್ಡ ಗಾಡಿ ಬಾಡಿಗೆಗೆ ಕರೆಸಿ. ರೋಟವೇಟರ್ ವರ್ಷವರ್ಷ ಒಂದೇ ಆಳದಲ್ಲಿ ಹೊಡೆದರೆ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ, ನೀರು ಇಳಿಯಲ್ಲ. ಹದ ನೋಡಿ ಇಳಿಸಬೇಕು: ಮಣ್ಣು ಹಿಡಿದು ಉಂಡೆ ಮಾಡಿ, ಬೆರಳಲ್ಲಿ ಒತ್ತಿದರೆ ಉದುರಿದರೆ ಸರಿ, ಮೇಣದಂತೆ ಮೆತ್ತಿಕೊಂಡರೆ ಆ ದಿನ ಗಾಡಿ ಶೆಡ್ಡಿನಲ್ಲೇ ಇರಲಿ.

ಕೊಳ್ಳುವ ದಿನ ಡೀಲರನ್ನು ಕೇಳಿ: ಕಮಾನು ಮತ್ತು ಬೆಲ್ಟ್ ಇದೆಯೇ, ಇಲ್ಲದಿದ್ದರೆ ಈ ಮಾಡೆಲ್ಲಿಗೆ ಕಂಪನಿಯದ್ದೇ ಸಿಗುತ್ತದೆಯೇ? ಪಿಟಿಒ ಕೊಳವೆ ಇದೆಯೇ? ಬ್ರೇಕ್ ಕೊಂಡಿ ಕೆಲಸ ಮಾಡುತ್ತದೆಯೇ? ಕೈಪಿಡಿ ಕನ್ನಡದಲ್ಲಿ ಇದೆಯೇ? ಎಚ್‌ಪಿ, ಮೈಲೇಜ್, ಸಬ್ಸಿಡಿ ಕೇಳುವಷ್ಟೇ ಸಹಜವಾಗಿ ಇವನ್ನೂ ಕೇಳಬೇಕು. ಗಿರಾಕಿ ಕೇಳದಿದ್ದರೆ ಅಂಗಡಿಯವನು ಇಡುವುದಿಲ್ಲ.

ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ, ಅದು ನಾವು ಮಾಡಬಹುದಾದ ಕೆಲಸ. ಹೊಸಬರು ಟೀಮಿಗೆ ಬಂದರೆ ಒಂದು ಪುಟದ ಆನ್‌ಬೋರ್ಡಿಂಗ್ ಟಿಪ್ಪಣಿ ಬರೆದುಕೊಡುತ್ತೇವಲ್ಲ, ಅಂಥದ್ದೇ ಒಂದು ಹಾಳೆ, ನಿಮ್ಮ ಊರಿನ ಮಾತಿನಲ್ಲಿ, ದಪ್ಪ ಅಕ್ಷರದಲ್ಲಿ. ಡ್ರಾಬಾರಿನಿಂದ ಮಾತ್ರ ಎಳೆ. ರಸ್ತೆಗೆ ಬರುವ ಮೊದಲು ಬ್ರೇಕ್ ಕೊಂಡಿ ಹಾಕು. ಇಳಿಯುವ ಮೊದಲು ಪಿಟಿಒ ನಿಲ್ಲಿಸು, ಸಾಮಾನು ನೆಲಕ್ಕೆ ಇಳಿಸು, ಎಂಜಿನ್ ಆಫ್ ಮಾಡು, ಕೀ ತೆಗೆ. ಮಡ್‌ಗಾರ್ಡ್ ಮೇಲೆ ಯಾರನ್ನೂ ಕೂರಿಸಬೇಡ, ಮೊಮ್ಮಗನನ್ನೂ. ಅದನ್ನು ಲ್ಯಾಮಿನೇಟ್ ಮಾಡಿ ಶೆಡ್ಡಿನ ಗೋಡೆಗೆ ಅಂಟಿಸಿ, ಓಡಿಸುವವನ ಜೊತೆ ಕೂತು ಒಂದು ಸಲ ಓದಿ. ಯಾಕೆ ಅಂತ ಅವನು ಕೇಳಿದರೆ ಫರ್ಗುಸನ್ ಕಥೆ ಹೇಳಿ, ಥ್ರೆಶರ್ ಕಥೆ ಹೇಳಿ. ಬರೀ ನಿಯಮ ಹೇಳಿದರೆ ನಾಲ್ಕು ದಿನ ನೆನಪಿರುತ್ತದೆ, ಕಥೆ ಹೇಳಿದರೆ ಅವನು ಅದನ್ನು ಪಕ್ಕದ ಹೊಲದವನಿಗೂ ಹೇಳುತ್ತಾನೆ.

ನಿಮ್ಮ ಕಡೆ ಇಂಥ ಹಾಳೆ ಯಾರಾದರೂ ಮಾಡಿದ್ದರೆ ಕಳಿಸಿ, ಬೇರೆ ಬೇರೆ ಊರಿನ ಕನ್ನಡದಲ್ಲಿ ಒಟ್ಟು ಮಾಡಿ ಎಲ್ಲರಿಗೂ ಹಂಚೋಣ. ಮುಂದಿನ ಮಾತಿನಲ್ಲಿ ಸಿಗೋಣ.